ತೊಟ್ಟಿಲ ಪದದ ಕೆಳಗಿನ ಗುಂಯ್ ಸದ್ದು

ಸಿಂದಗಿ ಬಸ್ ನಿಲ್ದಾಣದಲ್ಲಿ ಸಿದ್ದವ್ವ ತನ್ನದೇ ದನಿ ಕೇಳಿ ನಿಂತುಬಿಟ್ಟಳು.

ಕ್ಯಾಸೆಟ್ ಗಾಡಿಯಿಂದ ಅವಳೇ ಕಟ್ಟಿದ ತೊಟ್ಟಿಲ ಪದ ಬರುತ್ತಿತ್ತು. ಕವರಿನ ಮೇಲೆ ಯಾರೋ ಹುಡುಗಿಯ ಚಿತ್ರ. ಹೆಸರು, ಕುಮಾರಿ ಚಂದ್ರಿಕಾ. ಸಾಲೋಟಗಿಯ ಸಿದ್ದವ್ವ ಅರವತ್ತು ದಾಟಿದವಳು, ಊರೂರು ತಿರುಗಿ ಹಾಡಿಯೇ ಬದುಕಿದವಳು. ಒಂದು ಕ್ಯಾಸೆಟ್ ಕೊಂಡು ನೇರ ವಿದ್ಯಾವತಿಯ ಮನೆಗೆ ಬಂದಳು. ವಿದ್ಯಾವತಿ ಸಿಂದಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಒಗಟು ಸಿಕ್ಕರೆ ಊಟ ಮರೆಯುವ ಹೆಂಗಸು.

"ನನ್ನ ದನಿ ಕದ್ದಾರ್ರಿ ಬಾಯಾರ," ಎಂದಳು ಸಿದ್ದವ್ವ. "ನಾಳಿ ನಾನು ಹಾಡಿದ್ರ, ಚಂದ್ರಿಕಾನ ಪದ ಈ ಮುದುಕಿ ಹಾಡಾಕತ್ಯಾಳ ಅಂತಾರ."

* * *

ಆ ಪದವನ್ನು ಅವಳು ಟೇಪಿನ ಮುಂದೆ ಹಾಡಿದ್ದು ಮೂರೇ ಕಡೆ. ಸಿಂದಗಿಯಲ್ಲಿ ಇಸಾಕನ ರೆಕಾರ್ಡಿಂಗ್ ಅಂಗಡಿ, ಮುದ್ದೇಬಿಹಾಳದಲ್ಲಿ ಅಳಿಯ ಧೂಳಪ್ಪನ ಮನೆ, ಬಸವನ ಬಾಗೇವಾಡಿಯಲ್ಲಿ ಬಟ್ಟೆ ವ್ಯಾಪಾರಿ ಗುರಲಿಂಗಪ್ಪನ ಮೊಮ್ಮಗನ ತೊಟ್ಟಿಲ ಕಾರ್ಯ. ಕ್ಯಾಸೆಟ್ ತುಂಬುವುದೇ ಇಸಾಕನ ಕಸುಬಾದ್ದರಿಂದ ಎಲ್ಲರ ಸಂಶಯ ಅವನ ಮೇಲೆಯೇ.

ವಿದ್ಯಾವತಿ ಸೆಲ್ ಹಾಕಿದ ಟೇಪಿನಲ್ಲಿ ಕ್ಯಾಸೆಟ್ ಕೇಳಿದಳು. ಹಾಡಿನ ಕೆಳಗೆ ಸಣ್ಣಗೆ ಗುಂಯ್ ಸದ್ದು. ಹಾಡಿಗೆ ಮುಂಚಿನ ಖಾಲಿ ಜಾಗದಲ್ಲಿ ಅದು ಇಲ್ಲ. ಅಂದರೆ ಅದು ನಕಲು ತೆಗೆಯುವಾಗ ಸೇರಿದ್ದಲ್ಲ. ಹಾಡಿದ ದಿನವೇ, ಟೇಪಿಗೆ ಕೊಟ್ಟ ಕರೆಂಟಿನಿಂದ ಸೇರಿದ್ದು.

ಇಸಾಕ ಮುಖ ಗಂಟಿಕ್ಕಿಕೊಂಡೇ ತನ್ನ ಪವರ್ ಸಪ್ಲೈ ಬಿಚ್ಚಿ ತೋರಿಸಿದ. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ದಪ್ಪ ಕೆಪಾಸಿಟರ್, ಕೊನೆಗೊಂದು ರೆಗ್ಯುಲೇಟರ್. ಅವನ ಟೇಪಿನಲ್ಲಿ ಗುಂಯ್ ಇರಲಿಲ್ಲ. ಧೂಳಪ್ಪ ಕರೆಂಟಿಲ್ಲದ ದಿನ ಸೆಲ್ ಹಾಕಿ ರೆಕಾರ್ಡ್ ಮಾಡಿದ್ದ. ಅದೂ ಸ್ವಚ್ಛ.

* * *

ವಿದ್ಯಾವತಿ ಸಿದ್ದವ್ವ, ಇಸಾಕ ಇಬ್ಬರನ್ನೂ ಕರೆದುಕೊಂಡು ಬಾಗೇವಾಡಿಗೆ ಹೋದಳು. ಗುರಲಿಂಗಪ್ಪ ಚಹಾ ತರಿಸಿ ಸಿದ್ದವ್ವನ ದನಿಯನ್ನು ಬಾಯ್ತುಂಬ ಹೊಗಳಿದ. ಅವನ ಟೇಪಿಗೆ ಕರೆಂಟು ಕೊಡುತ್ತಿದ್ದ ಪುಟ್ಟ ಎಲಿಮಿನೇಟರನ್ನು ಇಸಾಕ ಬಿಚ್ಚಿದ. ಒಳಗೆ ಒಂದೇ ಡಯೋಡ್, ಉಬ್ಬಿದ ಕೆಪಾಸಿಟರ್. ಅದರ ಕರೆಂಟಿನಲ್ಲೇ ಟೇಪು ಓಡಿಸಿ ಸಿದ್ದವ್ವನ ಒಂದು ಸಾಲು ರೆಕಾರ್ಡ್ ಮಾಡಿ, ಸೆಲ್ಲಿನ ಟೇಪಿನಲ್ಲಿ ಕೇಳಿದರು. ಅದೇ ಗುಂಯ್.

ವಿದ್ಯಾವತಿ ಬಿಡಿಸಿ ಹೇಳಿದಳು. ಗೋಡೆಯ ಕರೆಂಟು ಹಿಂದೆ ಮುಂದೆ ಓಲಾಡುತ್ತದೆ. ಟ್ರಾನ್ಸ್‌ಫಾರ್ಮರ್ ಅದರ ಜೋರನ್ನು ಇಳಿಸುತ್ತದೆ, ಡಯೋಡ್ ಒಂದೇ ದಿಕ್ಕಿಗೆ ಬಿಡುತ್ತದೆ. ಒಂದೇ ಡಯೋಡ್ ಇದ್ದರೆ ಅರ್ಧ ಹೊತ್ತು ಕರೆಂಟೇ ಬರುವುದಿಲ್ಲ. ಆ ಸಂದನ್ನು ಕೆಪಾಸಿಟರ್ ತುಂಬಬೇಕು. ಅದು ಕೆಟ್ಟರೆ ಕರೆಂಟಿನ ಏರಿಳಿತ ಹಾಡಿನೊಳಗೆ ಗುಂಯ್‌ಗುಡುತ್ತದೆ. ರೆಗ್ಯುಲೇಟರ್ ಇದ್ದಲ್ಲಿ ಏರಿಳಿತ ಅಡಗಿ ಹೋಗುತ್ತದೆ.

"ಇಂಥಾ ಎಲಿಮಿನೇಟರ್ ಊರಾಗ ಬೇಕಾದಷ್ಟು ಅದಾವ್ರಿ ಸಾವಕಾರ್ರ. ಆದ್ರ ಈ ಪದ ಟೇಪ್ ಮಾಡಿದ ಮೂರು ಕಡಿಯೊಳಗ ಇದೊಂದ," ಎಂದಳು.

ಗುರಲಿಂಗಪ್ಪನ ಚಹಾ ತಣ್ಣಗಾಗಿತ್ತು. ಕ್ಯಾಸೆಟ್ ಕಂಪನಿಯವರಿಗೆ ಟೇಪು ಕೊಟ್ಟವನು ತಾನೇ ಎಂದು ಒಪ್ಪಿಕೊಂಡ. "ಮುದುಕಿ ಹೆಸರಿದ್ರ ಮಾಲು ಹೋಗೂದಿಲ್ಲ ಅಂದ್ರು. ಒಂದು ಹುಡುಗಿ ಹೆಸರು ಅವರ ಹಾಕಿದ್ರು."

ಸಿದ್ದವ್ವನಿಗೆ ಸಿಟ್ಟಿನ ನಡುವೆಯೇ ನಗು ಬಂತು. "ಕುಮಾರಿ ಅಂತ! ದನಿಗೆ ಇನ್ನೂ ಲಗ್ನಾಗಿಲ್ಲ ಅಂತ ತಿಳದಾರ, ಹಂಗಾರ."

* * *

ವಿಷಯ ಪೊಲೀಸರವರೆಗೆ ಹೋಗದಿರಲೆಂದು ಗುರಲಿಂಗಪ್ಪ ಗಾಡಿ ಗಾಡಿ ತಿರುಗಿ ಕ್ಯಾಸೆಟ್ ವಾಪಸು ತಂದ. ಹೊಸ ರೆಕಾರ್ಡಿಂಗಿನ ಖರ್ಚೂ ಅವನದೇ ಆಯಿತು. ಇಸಾಕ ಅಂಗಡಿಯ ಫ್ಯಾನು ನಿಲ್ಲಿಸಿ ಗುಂಡಿ ಒತ್ತಿದ. ವಿದ್ಯಾವತಿ ಉಸಿರು ಹಿಡಿದು ಕೂತಳು. ಸಿದ್ದವ್ವ ಕೂಡಲೇ ಹಾಡಲಿಲ್ಲ. ಮೈಕಿನ ಹತ್ತಿರ ಸರಿದು ಮೊದಲು ಮಾತಾಡಿದಳು.

"ನಾನು ಸಾಲೋಟಗಿ ಸಿದ್ದವ್ವ. ಪದ ಕಟ್ಟಿದಾಕಿನೂ ನಾನ, ಹಾಡಾಕಿನೂ ನಾನ."