ರೊಪ್ಪದ ಬಂಡೆ ಮೇಲಿನ ಕಲ್ಲುಗಳು

"ಲೇ ಗಂಗಾ, ಅಲ್ಲೇ ನಿಲ್ಲು, ಅಲ್ಲಾಡಬೇಡ! ಎರಡು ಕಡ್ಡಿ ಬಂದೈತೆ!"

ಗಂಗಾ ಬಂಡೆಯ ಮೇಲೆ ನಿಂತು ಮೊಬೈಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಳು. ಕೈ ಸೋತು ಹೋಗಿತ್ತು. ವಿಡಿಯೋ ಲೋಡ್ ಆಯಿತು ಅನ್ನಿಸಿದ ಮೇಲೆ ಮೆಲ್ಲಗೆ ಇಳಿಸಿದಳು. ಪರದೆಯಲ್ಲಿ ಒಬ್ಬ ಮೇಷ್ಟ್ರು ಇಂಗ್ಲಿಷಿನಲ್ಲಿ ಗಡಗಡನೆ ಏನೋ ಹೇಳಿದರು, ಬಾಯಿ ತೆರೆದಂತೆಯೇ ನಿಂತುಬಿಟ್ಟರು.

"ಏನಂದ್ರಕ್ಕ?"

"ಲೆಟ್ ಎಕ್ಸ್ ಬಿ ಅಂದ್ರು," ಎಂದಳು ಅಕ್ಕ ಸುಚಿತ್ರಾ. "ಯಾವ ವಿಡಿಯೋ ಹಾಕಿದ್ರೂ ಅದನ್ನೇ ಹೇಳ್ತಾರೆ. ಎಕ್ಸ್ ಯಾಕೆ ಅಂತ ಮಾತ್ರ ಒಬ್ರೂ ಹೇಳಲ್ಲ."

ಸುಚಿತ್ರಾ ಪಿಯುಸಿಯಲ್ಲಿ ಆರ್ಟ್ಸ್ ಓದಿದವಳು. ಈಗ ಹಿರಿಯೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಸೀಟು ಸಿಕ್ಕಿತ್ತು. ಆದರೆ ಬೀಜಗಣಿತದ ಒಂದು ಟೆಸ್ಟ್ ಪಾಸಾಗಬೇಕು, ಇಲ್ಲದಿದ್ದರೆ ಸೀಟು ಇಲ್ಲ. ಟೆಸ್ಟಿಗೆ ಉಳಿದಿದ್ದು ಒಂಬತ್ತು ದಿನ. ಟ್ಯೂಷನ್ ಮುಗಿಯುವ ಹೊತ್ತಿಗೆ ಊರಿನ ಕೊನೇ ಬಸ್ಸು ಹೋಗಿರುತ್ತದೆ. ಪಂಚಾಯ್ತಿ ಲೈಬ್ರರಿಯ ಶ್ರೀನಿವಾಸ್ ಅಣ್ಣ ಬೀರು ತಡಕಾಡಿ ಒಂದು ಕನ್ನಡ ಗಣಿತ ಪುಸ್ತಕ ಹುಡುಕಿಕೊಟ್ಟಿದ್ದರು. ಅದರ ಕೊನೆಯ ಹಾಳೆಗಳನ್ನು, ಅಂದರೆ ಉತ್ತರಗಳನ್ನೆಲ್ಲ, ಗೆದ್ದಲು ತಿಂದು ಪಾಸಾಗಿತ್ತು.

ಇನ್ನು ಉಳಿದಿದ್ದು ಮೊಬೈಲು. ಅದಕ್ಕೆ ನೆಟ್‌ವರ್ಕ್ ಸಿಗುವುದು ಊರಾಚೆ, ತಮ್ಮ ಕಾಟಪ್ಪ ತಾತನ ಹಳೇ ಕುರಿರೊಪ್ಪದ ಬಂಡೆಯ ಮೇಲೆ ಮಾತ್ರ.

ಸುತ್ತ ಕಲ್ಲಿನ ಗೋಡೆ, ಅದರ ಮೇಲೆ ಒಣಗಿದ ಜಾಲಿಮುಳ್ಳು. ಒಳಗೆ ಒಂದು ಕುರಿಯೂ ಇಲ್ಲ. ನಾಲ್ಕು ವರ್ಷದ ಹಿಂದೆ ರೋಗ ಬಂದು ಹಿಂಡಿಗೆ ಹಿಂಡೇ ಹೋಗಿತ್ತು. ಗುಡ್ಡದ ಮೇಲಿನ ದೊಡ್ಡ ಗಾಳಿ ಫ್ಯಾನುಗಳು ವೂಂ... ವೂಂ... ಎನ್ನುತ್ತಿದ್ದವು. ಅವುಗಳ ನೆರಳು ಆಗಾಗ ರೊಪ್ಪದ ಮೇಲೆ ಹಾದು ಹೋಗುತ್ತಿತ್ತು. ಗಂಗಾಗೆ ಆ ಜಾಗ ಒಂದಿಷ್ಟೂ ಹಿಡಿಸುತ್ತಿರಲಿಲ್ಲ.

ಅಕ್ಕ ಪುಸ್ತಕ ತೆಗೆದು ಜೋರಾಗಿ ಓದಿದಳು. "ಒಂದು ಕೊಟ್ಟಿಗೆಯಲ್ಲಿ ಕುರಿಗಳೂ ಕೋಳಿಗಳೂ ಇವೆ. ತಲೆಗಳು ಹದಿನೆಂಟು. ಕಾಲುಗಳು ಐವತ್ತೆಂಟು. ಕುರಿಗಳೆಷ್ಟು, ಕೋಳಿಗಳೆಷ್ಟು?"

ನಾಲ್ಕು ಸಲ ಓದಿದಳು. ಲೆಕ್ಕ ಜಗ್ಗಲಿಲ್ಲ. ಕತ್ತಲಾಗುವ ಮುಂಚೆ ಇಬ್ಬರೂ ಮನೆಗೆ ಹೋದರು.

ಮರುದಿನ ಸ್ಕೂಲು ಬಿಟ್ಟ ಮೇಲೆ ಬಂದರೆ, ಬಂಡೆಯ ಮೇಲೆ ಕಲ್ಲುಗಳಿದ್ದವು. ಬಿಳಿಯವು ಒಂದು ಸಾಲು, ಕರಿಯವು ಒಂದು ಸಾಲು. ಗಂಗಾ ಎಣಿಸಿದಳು. ಬಿಳಿ ಹನ್ನೊಂದು, ಕರಿ ಏಳು.

ಸುಚಿತ್ರಾ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದಳು. ಪೆನ್ನು ನಿಂತಿತು.

"ಹನ್ನೊಂದು ಕುರಿಗೆ ನಲವತ್ನಾಲ್ಕು ಕಾಲು. ಏಳು ಕೋಳಿಗೆ ಹದಿನಾಲ್ಕು. ಕೂಡಿದ್ರೆ ಐವತ್ತೆಂಟು." ಅವಳ ದನಿ ಇಳಿದು ಹೋಯಿತು. "ಗಂಗಾ, ಇದು ಆ ಲೆಕ್ಕದ ಉತ್ತರ ಕಣೇ."

ಅವತ್ತು ಪೆನ್ನು ಪುಸ್ತಕಗಳ ಬೆಲೆಯ ಲೆಕ್ಕ ಓದಿದರು. ಮರುದಿನ ಬಂಡೆ ಖಾಲಿಯಿತ್ತು. ಆಮೇಲೆ ಕುರಿ, ಕೋಳಿಗಳ ಇನ್ನೊಂದು ಲೆಕ್ಕ ಓದಿದರು. ಮರುದಿನ ಮತ್ತೆ ಕಲ್ಲುಗಳು! ಮತ್ತೆ ಸರಿಯುತ್ತರ. ಕುರಿಯ ಲೆಕ್ಕಕ್ಕೆ ಮಾತ್ರ ಯಾರು ಉತ್ತರ ಇಡುತ್ತಾರೆ? ಸತ್ತ ಕುರಿಗಳೇ?

ಪಕ್ಕದ ಮನೆಯ ಮುದ್ದಕ್ಕ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಕುರಿ ಸತ್ತ ರೊಪ್ಪ ಕಣ್ರವ್ವಾ ಅದು. ನಿಮ್ ತಾತನೇ ಅದ್ರೊಳಗೆ ಕಾಲಿಟ್ಟು ನಾಲ್ಕು ವರ್ಷ ಆತು. ನೀವು ಹೋಗಿ ಕುಂತ್ಕಂಡೀರಲ್ಲ!"

ಸುಚಿತ್ರಾ ಪುಸ್ತಕ ಮುಚ್ಚಿಟ್ಟಳು. "ನಾನು ಅಲ್ಲಿಗೆ ಬರಲ್ಲ. ಲೆಕ್ಕನೂ ತಲೆಗೆ ಹತ್ತಲ್ಲ. ಸೋಮವಾರ ಕಾಲೇಜಿಗೆ ಫೋನ್ ಮಾಡಿ ಸೀಟು ಬ್ಯಾಡ ಅಂತೀನಿ."

ಅಕ್ಕ ಅಳುತ್ತಿರಲಿಲ್ಲ. ಅದರಿಂದಲೇ ಗಂಗಾಗೆ ಹೆಚ್ಚು ಸಂಕಟವಾಯಿತು. ಸೋಮವಾರಕ್ಕೆ ಮುಂಚೆ ಆ ಕಲ್ಲು ಇಡುವವರು ಯಾರೆಂದು ನೋಡಲೇಬೇಕು ಎಂದುಕೊಂಡಳು.

ಶನಿವಾರ ಸಂಜೆ ಒಬ್ಬಳೇ ಹೋಗಿ, ಕುರಿಯ ಲೆಕ್ಕವೊಂದನ್ನು ಗಟ್ಟಿಯಾಗಿ ಓದಿ ಓಡಿ ಬಂದಳು. ಭಾನುವಾರ ಮಟಮಟ ಮಧ್ಯಾಹ್ನ ರೊಪ್ಪದೊಳಗೆ ಬಾಗಿಲ ಪಕ್ಕದ ಪೊದೆಯ ಹಿಂದೆ ಕುಳಿತಳು. ಗಾಳಿ ನಿಂತಿತ್ತು. ಫ್ಯಾನುಗಳೂ ನಿಂತಿದ್ದವು. ಎಲ್ಲೂ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಗೋಡೆಯ ಆಚೆಯಿಂದ ಒಂದು ಕೈ ಬಂತು.

ಬರೀ ಕೈ. ಒಣಗಿ ಕಪ್ಪಾದ, ಉದ್ದನೆಯ ಕೈ. ಅದು ಗೋಡೆಗೆ ಅಂಟಿಕೊಂಡಿದ್ದ ಬಂಡೆಯ ಮೇಲೆ ಒಂದು ಬಿಳಿ ಕಲ್ಲು ಇಟ್ಟು ಹಿಂದೆ ಸರಿಯಿತು. ಮತ್ತೆ ಬಂತು, ಇನ್ನೊಂದು ಇಟ್ಟಿತು. ಗಂಗಾ ಕೂಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗೋಡೆಯಾಚೆ ಯಾರೋ ಕೆಮ್ಮಿದರು. ಆ ಕೆಮ್ಮು ಅವಳು ದಿನಾ ಬೆಳಿಗ್ಗೆ ಕೇಳುವ ಕೆಮ್ಮು.

"ತಾತಾ!"

ಕಾಟಪ್ಪ ತಾತ ಗೋಡೆಯಾಚೆ ತನ್ನ ಎರಡು ಮೇಕೆಗಳ ಜೊತೆ ನಿಂತಿದ್ದ. ಸಿಕ್ಕಿಬಿದ್ದ ಕಳ್ಳನಂತೆ ತಲೆ ತಗ್ಗಿಸಿದ.

"ದಿನಾ ಇಲ್ಲೇ ಮೇಯಿಸ್ತೀನಲ್ಲಮ್ಮ. ನೀವು ಓದಾದು ಕೇಳ್ತೈತೆ. ಪಾಪ, ಸುಚಿತ್ರಾ ಒದ್ದಾಡ್ತಿದ್ಲು."

"ಉತ್ತರ ನಿಂಗೆ ಹೆಂಗೆ ಗೊತ್ತಾತು?"

"ಎಲ್ಲಾದ್ಕೂ ಮೊದ್ಲು ಎರಡೆರಡು ಕಾಲು ಕೊಟ್ಟೆ. ಉಳಿದ ಕಾಲನ್ನ ಎರಡೆರಡರಂಗೆ ಹಂಚ್ಕಂಡು ಹೋದೆ. ಯಾವಕ್ಕೆ ಸಿಗ್ತೋ ಅವು ಕುರಿ. ಅದೇನು ಮಹಾ! ಪೆನ್ನು ಪುಸ್ತಕದ್ದು ಮಾತ್ರ ನಂಗೆ ತಿಳೀಲಿಲ್ಲ."

"ಮತ್ತೆ ಬಾಯಲ್ಲೇ ಹೇಳಬಹುದಿತ್ತಲ್ಲ ತಾತಾ! ನಾವು ಎಷ್ಟು ಹೆದರಿದ್ವಿ!"

ತಾತ ಖಾಲಿ ರೊಪ್ಪದ ಕಡೆ ನೋಡಿದ.

"ಕುರಿ ಎಷ್ಟು ಅಂತ ಬಾಯಾಗೆ ಹೇಳಬಾರದಮ್ಮ. ಹೇಳಿದ್ರೆ ಹಿಂಡಿಗೆ ದೃಷ್ಟಿ ಆಗ್ತೈತೆ. ನಮ್ಮಪ್ಪ ಹೇಳಿರಲಿಲ್ಲ, ಅವರಪ್ಪ ಹೇಳಿರಲಿಲ್ಲ. ದನ ಕುರಿ ಗಣತಿಯೋರು ಬಂದಾಗ ನಾನು ಹೇಳ್ಬಿಟ್ಟೆ. ಆ ಮಳೆಗಾಲದಾಗೇ ಎಲ್ಲಾ ಹೋದ್ವು."

ರೋಗದಿಂದ ಸತ್ತಿದ್ದು ತಾತಾ, ನಿನ್ನಿಂದ ಅಲ್ಲ ಎಂದು ಹೇಳಲು ಗಂಗಾ ಹೊರಟಳು. ತಾತನ ಮುಖ ನೋಡಿ, ಅವನು ಇಟ್ಟ ಕಲ್ಲುಗಳನ್ನು ಸಾಲಾಗಿ ಜೋಡಿಸತೊಡಗಿದಳು. ನಾಲ್ಕು ವರ್ಷ ಅವನು ಒಳಗೆ ಬಾರದಿದ್ದುದು ದೆವ್ವದ ಹೆದರಿಕೆಯಿಂದಲ್ಲ.

ಅವತ್ತು ಸಂಜೆ ಅಕ್ಕನ ಕೈ ಹಿಡಿದು ಎಳೆದುಕೊಂಡು ಬಂದು, ಎಲ್ಲವನ್ನೂ ಹೇಳಿದಳು. ಸುಚಿತ್ರಾ ಬಂಡೆಯ ಮೇಲೆ ಕುಳಿತಳು. ತಾತ ಗೋಡೆಯಾಚೆಯೇ ನಿಂತ. ಇನ್ನೊಂದು ಕುರಿ, ಕೋಳಿ ಲೆಕ್ಕ ಓದಿದ ಅಕ್ಕ, "ಕುರಿಗಳು ಎಕ್ಸ್ ಇರಲಿ," ಎಂದಳು.

ತಾತ ಗಾಬರಿಯಾದ. "ಎಕ್ಸ್ ಅಂದ್ರೆ ಎಷ್ಟಮ್ಮ?"

"ಎಷ್ಟು ಅಂತ ಈಗ ಹೇಳಲ್ಲ ತಾತಾ. ಬರೀ ಹೆಸರು ಇಟ್ಕಳಾದು. ಹೆಸರು ಹಿಡ್ಕಂಡೇ..." ಸುಚಿತ್ರಾ ತಟ್ಟನೆ ನಿಲ್ಲಿಸಿದಳು. ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡಳು. "ಓ! ಹೆಸರು ಹಿಡ್ಕಂಡೇ ಲೆಕ್ಕ ಮಾಡ್ಕಂಡು ಹೋಗಾದು!"

"ಹಂಗಾದ್ರೆ ತಪ್ಪಿಲ್ಲ," ಎಂದ ತಾತ. "ನಿಮ್ ಕಾಲೇಜೋರು ತಿಳಿದೋರು."

ಅಕ್ಕನ ಪೆನ್ನು ಒಂದು ಸಾಲು ಬರೆಯಿತು, ಎರಡು ಸಾಲು, ನಾಲ್ಕು ಸಾಲು. ಎಲ್ಲೂ ನಿಲ್ಲಲಿಲ್ಲ. ಫ್ಯಾನುಗಳ ನೆರಳು ಹಾಳೆಯ ಮೇಲೆ ಹಾದು ಹೋದರೂ ಅವಳು ತಲೆಯೆತ್ತಲಿಲ್ಲ.

"ಬಂತು! ಕುರಿಗಳು..." ಎಂದು ಬಾಯಿ ತೆರೆದವಳು ಗೋಡೆಯಾಚೆ ನೋಡಿದಳು. ತಾತ ಉಸಿರು ಬಿಗಿಹಿಡಿದು ನಿಂತಿದ್ದ.

ಸುಚಿತ್ರಾ ಬಾಯಿ ಮುಚ್ಚಿದಳು. ಉತ್ತರವನ್ನು ಬರೆದು, ಹಾಳೆಯನ್ನು ಗಂಗಾಳ ಕಡೆ ತಿರುಗಿಸಿದಳು.

ಗಂಗಾ ಮನಸ್ಸಿನಲ್ಲೇ ಕಾಲುಗಳನ್ನು ಕೂಡಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದಳು.