ದೋಷಗಳನ್ನಷ್ಟೇ ಬರೆಯುವವನು

ಚರ್ರ್!

ಹರಿತವಾದ ಚಾಕು ಹೊಚ್ಚ ಹೊಸ ಶೂವನ್ನು ತುದಿಯಿಂದ ಹಿಮ್ಮಡಿಯವರೆಗೆ ಸೀಳಿಕೊಂಡು ಹೋಯಿತು.

"ರೀ! ನಿಲ್ಸ್ರೀ! ಏನ್ ಮಾಡ್ತಿದ್ದೀರಾ?"

ಅವಳು ಹೊಲಿಗೆ ವಿಭಾಗದಿಂದ ಓಡಿ ಬರುವಷ್ಟರಲ್ಲಿ ಎರಡನೆಯದೂ ಸೀಳಿಹೋಗಿತ್ತು.

ಆ ಶೂ ಕಾರ್ಖಾನೆಯಲ್ಲಿ ತಪಾಸಣೆಯಲ್ಲಿ ಫೇಲಾದ ಜೋಡಿಯನ್ನು ಹೀಗೆ ಸೀಳಿಯೇ ಬಿಸಾಡಬೇಕು, ಯಾರೂ ಕದ್ದು ಮಾರಬಾರದೆಂದು. ನಿಯಮ ಅವಳಿಗೂ ಗೊತ್ತಿತ್ತು. ಆದರೆ ಈ ಜೋಡಿ...!

"ಒಂದರ ಅಟ್ಟೆ ಇನ್ನೊಂದಕ್ಕಿಂತ ಹನ್ನೊಂದು ಮಿಲಿಮೀಟರ್ ದಪ್ಪ," ಎಂದ ಹೊಸ ತಪಾಸಣೆಗಾರ, ತಲೆಯನ್ನೂ ಎತ್ತದೆ. "ಇಷ್ಟು ದೊಡ್ಡ ತಪ್ಪನ್ನ ನಾನು ಜನ್ಮದಲ್ಲಿ ನೋಡಿಲ್ಲ."

"ತಪ್ಪಲ್ಲ ಕಣ್ರೀ ಅದು! ಕ್ಯಾಂಟೀನ್ ಅಕ್ಕನ ಒಂದು ಕಾಲು ಅಷ್ಟು ಗಿಡ್ಡ! ಅಟ್ಟೆ ಅಂಟಿಸೋ ಪ್ರೆಸ್ ಇಲ್ಲಿ ಮಾತ್ರ ಇದೆ ಅಂತ ಮೇಸ್ತ್ರಿನ ಕೇಳ್ಕೊಂಡು ಟ್ರಾಲಿಗೆ ಹಾಕಿದ್ದೆ. ನನ್ನ ದುಡ್ಡಿನ ಚರ್ಮ, ಮೂರು ಭಾನುವಾರದ ಕೆಲಸ! ಒಂದು ಮಾತು ಕೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?"

ಆಗ ಅವನು ತಲೆ ಎತ್ತಿದ. ಮುಖ ಬಿಳಿಚಿಕೊಂಡಿತ್ತು.

ಇಡೀ ಹೊಲಿಗೆ ವಿಭಾಗ ಯಂತ್ರ ನಿಲ್ಲಿಸಿ ತಮಾಷೆ ನೋಡುತ್ತಿತ್ತು. ಅವಳಿಗೆ ಅಲ್ಲಿ 'ಮೆಣಸಿನಕಾಯಿ' ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ ನೋಡಿ!

ಮರುದಿನ ಅವನು ಅದೇ ಬಣ್ಣದ ಚರ್ಮ ತಂದು ಅವಳ ಮುಂದಿಟ್ಟ. "ಕೇಳದೆ ಸೀಳಿದ್ದು ನನ್ನ ತಪ್ಪು. ಕ್ಷಮಿಸಿ," ಎಂದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ಆದ್ರೆ... ಎಡಗಡೆ ಹೊಲಿಗೆ ಸ್ವಲ್ಪ ಸೊಟ್ಟಗಿತ್ತು."

ಅವಳಿಗೆ ಮೈಯೆಲ್ಲಾ ಉರಿಯಿತು. ಆದರೂ ನಗು ಬಂದುಬಿಟ್ಟಿತು. ಅವಳೇ ಅವನಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟಳು. ವರ್ಷ ತುಂಬುವಷ್ಟರಲ್ಲಿ 'ರೀ' ಹೋಗಿ 'ಕಣೋ' ಬಂದಿತ್ತು. ಕ್ಯಾಂಟೀನ್ ಅಕ್ಕ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ತಿಂಡಿ ಕೊಡತೊಡಗಿದ್ದಳು.

ಅವಳು ಮತ್ತೆ ಹೊಲಿದುಕೊಟ್ಟ ಅಕ್ಕನ ಶೂ ನೋಡಿ ಮತ್ತೊಬ್ಬರು ಬಂದರು, ಅವರನ್ನು ನೋಡಿ ಇನ್ನೊಬ್ಬರು. ಸುಟ್ಟ ಪಾದ, ಊದಿಕೊಂಡ ಪಾದ, ಬೆರಳಿಲ್ಲದ ಪಾದ... ಯಾವ ಅಂಗಡಿಯಲ್ಲೂ ಅಳತೆ ಸಿಗದ ಹನ್ನೊಂದು ಜನ. ಅಡುಗೆಮನೆಯ ಮೂಲೆಯಲ್ಲಿ ಕೂತು ಅವರೆಲ್ಲರಿಗೂ ಅವಳು ಶೂ ಹೊಲಿದಳು. ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿಯ ಒಂದು ಪುಟ್ಟ ಮಳಿಗೆ ಖಾಲಿಯಾದಾಗಿನಿಂದ, ಅಲ್ಲಿ ತನ್ನದೇ ಅಂಗಡಿ ಹಾಕುವ ಆಸೆಯಲ್ಲಿ, ಅವಳಿಗೆ ನಿದ್ದೆಯೇ ಇಲ್ಲ.

ಅಷ್ಟರಲ್ಲಿ ಕಾರ್ಖಾನೆಯಿಂದ ಕಾಯಂ ಪತ್ರ ಬಂತು! ಆರು ವರ್ಷ ದಿನಗೂಲಿ ಮಾಡಿದವಳಿಗೆ ಇನ್ನು ತಿಂಗಳ ಸಂಬಳ, ಪಿಂಚಣಿ, ಸಕ್ಕರೆ ಕಾಯಿಲೆಯ ಅಮ್ಮನಿಗೆ ಆಸ್ಪತ್ರೆ ಖರ್ಚು. ಶುಕ್ರವಾರ ಸಂಜೆ ಐದರೊಳಗೆ ಸಹಿ ಹಾಕಬೇಕು. ಶನಿವಾರ ಮಳಿಗೆ ಬೇರೆಯವರ ಪಾಲಾಗುತ್ತದೆ.

"ಸಹಿ ಹಾಕೋಕೆ ಏನೇ ಯೋಚನೆ?" ಎಂದು ಅಮ್ಮ ಸಿಡುಕಿದಳು. "ನಿಮ್ಮಪ್ಪನೂ ಹೀಗೇ. ಇದ್ದ ಕೆಲಸ ಬಿಟ್ಟು ಛಾಪಖಾನೆ ಹಾಕ್ತೀನಿ ಅಂತ ಹೋದ್ರು. ಕೊನೆಗೆ ನನ್ನ ಕೈಬಳೇನೂ ಉಳೀಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು, ಗೊತ್ತಾಯ್ತಾ?"

ಅವಳು ಭೂತಗನ್ನಡಿಯನ್ನೇ ಕೇಳಿದಳು. "ನೀನೇ ಹೇಳೋ. ಏನ್ ಮಾಡ್ಲಿ?"

"ನಾಲ್ಕು ದಿನ ಟೈಮ್ ಕೊಡು," ಎಂದವನು ಆಮೇಲೆ ಸಂಜೆಯಾದರೆ ಸಾಕು, ಮಾಯ! ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ." ಆ 'ಆಮೇಲೆ' ಬರಲೇ ಇಲ್ಲ.

*ಜೊತೆಗಿರ್ತೀನಿ ಅಂತಾನೆ... ಬೇಕಾದಾಗ ಎಲ್ಲಿರ್ತಾನೆ?*

ಶುಕ್ರವಾರ ಮಧ್ಯಾಹ್ನ ಅವಳ ಗಿರಾಕಿ, ನಿವೃತ್ತ ಟೀಚರಮ್ಮ, ಫೋನ್ ಮಾಡಿದರು. "ನಿನ್ನ ಹುಡುಗ ಬಂದಿದ್ದ ಕಣಮ್ಮ. ಶೂನಲ್ಲಿ ಏನೇನು ತೊಂದ್ರೆ ಇದೆ ಹೇಳಿ ಹೇಳಿ ಅಂತ ಒಂದು ಗಂಟೆ ತಲೆ ತಿಂದ. ಅದರಲ್ಲಿ ಏನಾದ್ರೂ ಐಬು ಇದ್ಯಾ? ಎರಡನೇ ಜೊತೆ... ಸದ್ಯಕ್ಕೆ ಬೇಡ ಬಿಡು."

ಅವಳು ಫೋನ್ ಇಟ್ಟವಳೇ ಎದ್ದಳು.

ನೇರ ತಪಾಸಣೆ ಕೋಣೆಗೆ ನುಗ್ಗಿದಳು. ಅವನಿರಲಿಲ್ಲ. ಶೂಗಳನ್ನು ಸಾವಿರ ಸಲ ಬಗ್ಗಿಸಿ ನೋಡುವ ಯಂತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಅದರ ಪಕ್ಕದಲ್ಲೇ ಅವನ ಪುಸ್ತಕ. ತೆರೆದಳು. ಅವನ ದುಂಡನೆಯ ಅಕ್ಷರ. ಅವಳ ಗಿರಾಕಿಗಳದೇ ಪಟ್ಟಿ!

'ಶೂ ಪಟ್ಟಿ ಕಾಲಿಗೆ ಕೊರೆಯುತ್ತದೆ. ನಡೆದರೆ ಸದ್ದು. ಒದ್ದೆಯಾದರೆ ಬಣ್ಣ ಬಿಡುತ್ತದೆ. ಬಕಲ್ ಸಡಿಲ...'

ಪುಟದ ತುಂಬ ದೋಷ. ಒಂದೇ ಒಂದು ಒಳ್ಳೆಯ ಮಾತಿಲ್ಲ!

ಅಷ್ಟರಲ್ಲಿ ಅವನು ಒಳಗೆ ಬಂದ.

"ಬನ್ನಿ ಸಾರ್, ಬನ್ನಿ!" ಅವಳು ಪುಸ್ತಕ ಎತ್ತಿ ತೋರಿಸಿದಳು. "ನನ್ನ ಬೆನ್ನ ಹಿಂದೆ ನೀವು ಮನೆ ಮನೆ ಸುತ್ತಿ ಬಂದ್ರಾ? ಸುಸ್ತಾಗಿರ್ಬೇಕು!"

'ನೀವು' ಎಂದದ್ದೇ ತಡ, ಅವನಿಗೆ ಗ್ರಹಚಾರ ಕೆಟ್ಟಿದೆಯೆಂದು ತಿಳಿಯಿತು.

"ಅದು... ನಿಂಗೆ ಇವತ್ತು ಸಂಜೆ ತೋರ್ಸೋಣ ಅಂತ..."

"ಏನಂತ? ನಿನ್ನ ಕೈಲಿ ಆಗಲ್ಲ, ಬಾಯಿ ಮುಚ್ಕೊಂಡು ಸಹಿ ಹಾಕು ಅಂತಾನಾ? ಅದನ್ನ ಮುಖಕ್ಕೆ ಹೇಳ್ಬಹುದಿತ್ತಲ್ಲ! ಟೀಚರಮ್ಮ ಆರ್ಡರ್ ಬೇಡ ಅಂದ್ರು! ನೀವು ಹೋಗಿ ಕೇಳೋವರ್ಗೂ ಅವರ ಕಾಲಿಗೆ ನನ್ನ ಶೂ ಚೆನ್ನಾಗೇ ಇತ್ತು!"

ಅವನು ತುಟಿ ಕಚ್ಚಿಕೊಂಡ. "ಅವರ ವಿಷಯ... ಅದು ನನ್ನ ತಪ್ಪೇ. ಹೋಗಿ ಮಾತಾಡ್ತೀನಿ."

"ಬೇಡ! ನೀವು ಮಾತಾಡಿದ್ದು ಸಾಕು. ಅಮ್ಮ ಆಗಲ್ಲ ಅಂತಾಳೆ, ಸಹಿಸ್ಕೋತೀನಿ. ಅವಳು ಬೆಂಕಿ ಮೇಲೆ ನಡೆದು ಬಂದವಳು. ನೀವು...? ಈ ಪ್ರಪಂಚದಲ್ಲಿ ಒಬ್ಬರಾದ್ರೂ 'ಮಾಡು, ಆಗುತ್ತೆ' ಅಂತಾರೆ ಅಂದ್ಕೊಂಡಿದ್ದೆ!"

ಅವಳು ಅವನ ಜೇಬಿನ ಪೆನ್ನು ಕಿತ್ತುಕೊಂಡು ಕಾಯಂ ಪತ್ರವನ್ನು ಮೇಜಿನ ಮೇಲೆ ಹರಡಿದಳು. ಕಣ್ಣೀರು ಕಾಗದದ ಮೇಲೆ ಬಿದ್ದಿತು.

"ಆಗುತ್ತೆ ಅಂತ ಹೇಗೆ ಹೇಳ್ಲಿ? ಆಗುತ್ತೋ ಇಲ್ವೋ ನಂಗೇನ್ ಗೊತ್ತು!" ಈಗ ಅವನೂ ಕೂಗಿದ. ಆ ತಣ್ಣನೆಯ ಮನುಷ್ಯ ಕೂಗಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. "ನಂಗೆ ಗೊತ್ತಿರೋ ಕೆಲಸ ಇದೊಂದೇ ಕಣೇ! ಎಲ್ಲಿ ಹರಿಯುತ್ತೆ ಅಂತ ಮೊದ್ಲೇ ಹುಡ್ಕೋದು! ಕೆಲಸ ಬಿಟ್ಟ ಮೇಲೆ ಹರಿದ್ರೆ ನಿಂಗೆ ಹಿಂದೆ ಬರೋಕೆ ದಾರಿ ಇರಲ್ಲ. ಅದಕ್ಕೇ ಓಡಾಡ್ದೆ. ಹೊರಗೆ ಹೋಗದ ಮಾಲನ್ನ ಯಾರಾದ್ರೂ ತಪಾಸಣೆ ಮಾಡ್ತಾರಾ?"

"ಹಾಗಾದ್ರೆ ಒಂದು ಒಳ್ಳೇ ಮಾತು ಯಾಕೆ ಬರೀಲಿಲ್ಲ?"

"ಅದಕ್ಕೆ ಕಾಲಮ್ಮೇ ಇಲ್ಲ!"

ಅವಳು ಪುಸ್ತಕವನ್ನು ಅವನ ಮುಂದೆ ಕುಕ್ಕಿದಳು.

"ಪುಟ ತಿರುಗಿಸು," ಎಂದ ಅವನು, ದನಿ ತಗ್ಗಿಸಿ.

"ಯಾಕೆ? ಇನ್ನೂ ಇದ್ಯಾ?"

"ತಿರುಗ್ಸು ಅಂದೆ."

ಕೋಪದಲ್ಲೇ ತಿರುಗಿಸಿದಳು. ಅಲ್ಲಿ ಹನ್ನೊಂದು ಜನರ ಹೆಸರಿನ ಮುಂದೆಯೂ ಒಂದೇ ದೂರು. ಹನ್ನೊಂದು ಸಲವೂ ಅವನು ಬೇಸರಿಸದೆ ಬರೆದಿದ್ದ.

'ಮಾಡುವವಳು ಹಗಲು ಹೊತ್ತು ಸಿಗುವುದಿಲ್ಲ. ಬೇರೆಲ್ಲೋ ಕೆಲಸಕ್ಕೆ ಹೋಗುತ್ತಾಳೆ.'

ಅವಳು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಹಿಂದಿನ ಪುಟದ ದೋಷಗಳೂ ಈಗ ಬೇರೆಯಾಗಿ ಕಂಡವು. ಪಟ್ಟಿ ಕೊರೆಯುತ್ತಾ? ಮೆತ್ತನೆಯ ಚರ್ಮ ಹಾಕಿದರೆ ಸರಿ. ಬಕಲ್? ಅದು ಅಗ್ಗದ ಮಾಲು, ಬದಲಾಯಿಸಬಹುದು. ಬಣ್ಣ ಬಿಡುವುದಕ್ಕೆ ಏನು ಮಾಡಬೇಕೋ ಗೊತ್ತಿಲ್ಲ, ಕಲಿಯಬೇಕು. ಆದರೆ ಈ ಹನ್ನೊಂದು ಜನರ ದೂರನ್ನು ಕಾಯಂ ಪತ್ರಕ್ಕೆ ಸಹಿ ಹಾಕಿದ ಮೇಲೆ ಈ ಜನ್ಮದಲ್ಲಿ ಸರಿಪಡಿಸಲಾಗದು!

"ಇದನ್ನ ಮೊದಲನೇ ಪುಟದಲ್ಲಿ ಬರೆಯೋಕೆ ಏನಾಗಿತ್ತು ನಿಂಗೆ, ದಡ್ಡ ಶಿಖಾಮಣಿ?"

'ನಿಂಗೆ' ಕೇಳಿ ಅವನಿಗೆ ಹೋದ ಜೀವ ಬಂತು. "ಸಣ್ಣ ದೋಷ ಮೊದಲು, ದೊಡ್ಡದು ಕೊನೆಗೆ. ಹಾಗೇ ಬರೆಯೋದು."

"ನನ್ನ ಬೆನ್ನ ಹಿಂದೆ ಇನ್ನೊಂದು ಸಲ ಹೀಗೆ ಮಾಡಿದ್ರೆ ಕೊಂದ್ ಹಾಕ್ತೀನಿ. ಏನಿದ್ರೂ ನನ್ನನ್ನೇ ಕೇಳು. ಅರ್ಥ ಆಯ್ತಾ?"

"ಆಯ್ತು." ಅವನು ಗಂಟಲು ಸರಿ ಮಾಡಿಕೊಂಡ. "ಇನ್ನೊಂದು ಮಾತು... ನಾವು ಮದ್ವೆ ಆದ್ರೆ ನನ್ನ ಸಂಬಳದಲ್ಲಿ ಅಮ್ಮನ ಆಸ್ಪತ್ರೆ ಖರ್ಚಿಗೂ..."

"ಮದ್ವೆಗೆ ಕೇಳೋದು ಹೀಗೇನೋ? ಆಸ್ಪತ್ರೆ ಖರ್ಚು ಹೇಳ್ಕೊಂಡು?" ಅವಳ ಕೆನ್ನೆ ಕೆಂಪಾಯಿತು, ಸಿಟ್ಟಿಗೋ ಬೇರೆ ಯಾವುದಕ್ಕೋ. "ಅಮ್ಮನ ಔಷಧಿ ನನ್ನ ಜವಾಬ್ದಾರಿ. ಆರು ತಿಂಗಳಿಗೆ ಆಗುವಷ್ಟು ಎತ್ತಿಟ್ಟಿದ್ದೀನಿ. ಆಮೇಲಿನದು ನಂಗೆ ಗೊತ್ತಿಲ್ಲ. ನೀನು ನನ್ನ ಜೊತೆಗಿರು, ಸಾಕು. ನನ್ನನ್ನ ಸಾಕೋಕೆ ಬರ್ಬೇಡ."

ಐದಕ್ಕೆ ಹತ್ತು ನಿಮಿಷವಿತ್ತು. ಆಫೀಸಿನ ಗುಮಾಸ್ತ ಸಹಿಯಿಲ್ಲದ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ತಲೆ ನೆಟ್ಟಗಿದ್ಯೇನಮ್ಮಾ? ಇದಕ್ಕೆ ಜನ ಕಾಲಿಗೆ ಬೀಳ್ತಾರೆ."

"ಬೀಳೋರಿಗೆ ಕೊಡಿ ಸಾರ್," ಎಂದಳು. ಭೂತಗನ್ನಡಿಯನ್ನು ಕರೆದುಕೊಂಡು ಸೀದಾ ಮಳಿಗೆಯ ಕಡೆ ಹೊರಟಳು.

ಮುಂಗಡ ಕೊಟ್ಟು ಮಳಿಗೆಯ ಕೀಲಿ ಈಸಿಕೊಂಡಾಗ ದೀಪ ಹಚ್ಚುವ ಹೊತ್ತಾಗಿತ್ತು. ಮನೆಯ ಮೆಟ್ಟಿಲ ಹತ್ತಿರ ಬಂದಾಗ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. ಒಳಗೆ ಅಮ್ಮ ಪಾತ್ರೆ ಕುಕ್ಕುವ ಸದ್ದು.

"ಭಯ ಆಗ್ತಿದೆ ಕಣೋ. ಗೆಲ್ತೀನಿ ಅಂತ ಸುಳ್ಳಾದ್ರೂ ಹೇಳ್ಬಾರ್ದಾ?"

"ಗೊತ್ತಿಲ್ದೇ ಇರೋದನ್ನ ಹೇಳೋಕೆ ಬರಲ್ಲ ನಂಗೆ." ಅವನು ಅವಳ ತಣ್ಣಗಾದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದ. "ನೀನಂದ್ರೆ ನಂಗೆ ಪ್ರಾಣ. ಅದು ಗೊತ್ತು."

ಅವಳ ಕಣ್ಣು ತುಂಬಿ ಬಂತು. "ಅದನ್ನ ಹೇಳೋಕೆ ಒಂದು ವರ್ಷ ಬೇಕಾಯ್ತಾ?"

"ನೀನು ಬೈಯೋದು ನಿಲ್ಸಿದ್ರೆ ತಾನೇ ಹೇಳೋದು..."

ಅವಳು ಅವನ ಭುಜಕ್ಕೆ ಹಣೆಯಿಟ್ಟು ಅಳುತ್ತಲೇ ನಕ್ಕಳು. ಆಮೇಲೆ ಮುಖ ಒರೆಸಿಕೊಂಡು ಬಾಗಿಲ ಕಡೆ ನೋಡಿದಳು.

"ಅಮ್ಮ ಚೆನ್ನಾಗಿ ಬೈತಾಳೆ."

"ಬೈಲಿ. ನಾನೂ ಪಕ್ಕದಲ್ಲಿ ನಿಂತು ಬೈಸ್ಕೋತೀನಿ."

"ನಿನ್ನ ಯಾಕೆ ಬೈತಾಳೆ? ನೀನ್ಯಾರು?"

"ಅಳಿಯ," ಎಂದ ಅವನು, ಬಾಗಿಲು ತಟ್ಟುತ್ತಾ.