ನೀಲಿ ಬೆಟ್ಟ ಮಾಸಿದ ವಾರ

“ಮುಟ್ಟಬೇಡಿ! ಮೊದಲು ಕೈ ತೊಳ್ಕೊಂಡು ಬನ್ನಿ!”

ಚೌಕಟ್ಟಿನ ಅಂಗಡಿಯೊಳಗೆ ಕಾಲಿಟ್ಟು ಅರ್ಧ ನಿಮಿಷವೂ ಆಗಿರಲಿಲ್ಲ, ನಮ್ಮ ಟೀಚರ್ ಅಂಗಡಿಯ ಯಜಮಾನನಿಗೇ ಆಜ್ಞೆ ಮಾಡಿಬಿಟ್ಟಿದ್ದಳು. ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ರಸಾಯನಶಾಸ್ತ್ರ ಹೇಳಿಕೊಡುವವಳು. ಎದುರಿಗೆ ಯಾರು ನಿಂತರೂ ಹೋಂವರ್ಕ್ ಮಾಡದೆ ಬಂದವರಂತೆಯೇ ಕಾಣುವುದು ಅವಳ ಹಣೆಬರಹ.

ಅವನು ಎರಡೂ ಅಂಗೈ ಎತ್ತಿ ತೋರಿಸಿದ. ಆಗತಾನೇ ತೊಳೆದ ಕೈ. ಬೆರಳ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ನೀವು ಫೈಲು ಅವಚಿಕೊಂಡು ರಸ್ತೆ ದಾಟೋದು ನೋಡಿದೆ. ಎಳೆ ಮಗು ಎತ್ಕೊಂಡು ಬರೋ ಹಾಗಿತ್ತು. ಅದಕ್ಕೇ ತೊಳ್ಕೊಂಡೆ. ಈಗ ಒರೆಸ್ಕೊಳ್ಳೋಕೆ ಬಿಡ್ತೀರಾ?”

ಟೀಚರ್ ಮುಖ ಕೆಂಪಾಯಿತು. ಛೆ! ಬಂದ ತಕ್ಷಣ ಮಾನ ಕಳೆದುಕೊಂಡೆನಲ್ಲ...

ಫೈಲಿನಲ್ಲಿದ್ದುದು ಹನ್ನೆರಡು ಚಿತ್ರಗಳು. ಬೆಟ್ಟ, ಹೊಳೆಯ ತಿರುವು, ಬಟಾಬಯಲು, ಒಂಟಿ ಮರ... ಎಲ್ಲವೂ ನೀಲಿ. ಮದ್ದು ಹಚ್ಚಿದ ಕಾಗದದ ಮೇಲೆ ದೊಡ್ಡ ನೆಗೆಟಿವ್ ಇಟ್ಟು, ಗಾಜಿನಿಂದ ಒತ್ತಿ, ಮಹಡಿಯ ಬಿಸಿಲಿಗೆ ಹಿಡಿದು, ಆಮೇಲೆ ನೀರಿನಲ್ಲಿ ತೊಳೆದರೆ ಮೂಡುವ ನೀಲಿ ಅದು. ಸಯನೋಟೈಪ್ ಎನ್ನುತ್ತಾರೆ. ಮೂರು ವರ್ಷದ ಭಾನುವಾರಗಳನ್ನೆಲ್ಲ ನುಂಗಿದ ನೀಲಿ! ಊರಿನ ಗ್ಯಾಲರಿಯವರು ಒಂದು ತಿಂಗಳು ಗೋಡೆ ಬಿಟ್ಟುಕೊಡಲು ಒಪ್ಪಿದ್ದರು. ಅವಳ ಮೊದಲ ಪ್ರದರ್ಶನ.

ಅವನು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ಹತ್ತು ನಿಮಿಷವಾದರೂ ಚೆನ್ನಾಗಿದೆ ಎಂದು ಬಾಯಿ ಬಿಡಲಿಲ್ಲ.

‘ಹೊಗಳೋಕೂ ಇವರಿಗೆ ಅಳತೆ ಪಟ್ಟಿ ಬೇಕೇನೋ!’ ಎಂದುಕೊಂಡಳು ಟೀಚರ್.

“ಈ ಅಂಚು ಮುಚ್ಚಿಬಿಡಿ. ಮದ್ದು ಹಚ್ಚಿದ ಬ್ರಷ್ಷಿನ ಗೀರು ಕಾಣ್ತಿದೆ, ಅಸಹ್ಯ.”

“ಮುಚ್ಚಲ್ಲ.”

“ಏನಂದ್ರಿ?”

“ಬೆಟ್ಟ ಯಾರು ಬೇಕಾದ್ರೂ ಕ್ಯಾಮೆರಾದಲ್ಲಿ ಹಿಡೀತಾರೆ. ಈ ಗೀರು ನಿಮ್ಮ ಕೈದು. ಇದನ್ನ ಮುಚ್ಚಿಸ್ಲೇಬೇಕು ಅಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ.”

ಎಂಥ ಜಂಬ! ಫೈಲು ಎತ್ತಿಕೊಂಡು ಹೊರಟುಬಿಡಬೇಕಿತ್ತು. ಕಾಲು ಮಾತ್ರ ಏಳಲಿಲ್ಲ. ಈ ಮೂರು ವರ್ಷದಲ್ಲಿ ಅವಳ ಕೈಗುರುತನ್ನು ಗುರುತಿಸಿದ ಮೊದಲ ಮನುಷ್ಯ ಇವನೇ ಎಂಬುದು ಅವಳಿಗೆ ಆ ಕ್ಷಣವೇ ಗೊತ್ತಾಗಿಹೋಗಿತ್ತು.

“ಸರಿ... ಬಿಡಿ, ಹಾಗೇ ಇರಲಿ.”

“ಹಿಂದಕ್ಕೆ ಯಾವ ರಟ್ಟು ಹಾಕ್ಲಿ? ಈ ನೀಲಿಗೆ ಇಂಥದ್ದೇ ಅಂತ ಏನಾದ್ರೂ...”

“ಇರೋದ್ರಲ್ಲೇ ಉತ್ತಮವಾದದ್ದು ಹಾಕಿ! ಅದನ್ನೂ ನಾನೇ ಹೇಳಬೇಕಾ? ಅಂಟು ಹಚ್ಚಿ ಪೂರ್ತಿ ಅಂಟಿಸಿ. ಒಂದು ಸುಕ್ಕೂ ಕಾಣಬಾರದು.”

ಅವನು ತಲೆಯಾಡಿಸಿದ. ಫೈಲಿನ ತಳದಿಂದ ಇನ್ನೊಂದು ಚಿತ್ರ ಜಾರಿ ಬಿತ್ತು. ಅದೂ ಬೆಟ್ಟವೇ, ಆದರೆ ದಿಗಂತ ವಾರೆಯಾಗಿತ್ತು.

“ಅದು ಕೆಟ್ಟುಹೋಗಿದ್ದು. ಕಸಕ್ಕೆ ಹಾಕಿ” ಎಂದು ಟೀಚರ್ ಹೊರಟಳು.

ಹೊರಟವಳು ಮಾರನೆಯ ದಿನ ಮತ್ತೆ ಬಂದಳು. ಅದರ ಮಾರನೆಯ ದಿನವೂ! ಸ್ಕೂಲಿನಿಂದ ಮನೆಗೆ ಹೋಗುವ ದಾರಿಯಲ್ಲೇ ಅಂಗಡಿ ಇದೆ, ಕೆಲಸ ಎಲ್ಲಿಗೆ ಬಂತು ನೋಡಿ ಹೋಗೋಣ ಎಂಬುದು ನೆಪ. ಮೂಲೆಯ ಸ್ಟೂಲು ಅವಳದಾಯಿತು. ಅವನು ಮರ ಕೊಯ್ಯುತ್ತ, ಮೂಲೆ ಕೂಡಿಸುತ್ತ ಕೇಳುವನು, ಅವಳು ಹೇಳುವಳು. ಯಾವ ಬೆಟ್ಟ ಹತ್ತುವಾಗ ಕಾಲು ಉಳುಕಿತು, ಯಾವ ಹೊಳೆಯ ದಡದಲ್ಲಿ ನಾಯಿ ಅಟ್ಟಿಸಿಕೊಂಡು ಬಂತು... ಅವನಿಗೆ ಈ ಕಸುಬು ಕಲಿಸಿದ್ದು ಸೋದರತ್ತೆಯಂತೆ. ಸೊಟ್ಟಗೆ ಕೂಡಿಸಿದರೆ ತಲೆಗೆ ಮೊಟಕುತ್ತಿದ್ದಳಂತೆ. ಅಂಟಿಸುವ ದಿನ ಅವನು ಉಸಿರು ಬಿಗಿಹಿಡಿದದ್ದನ್ನು ಕಂಡು ಟೀಚರ್ ತಾನೂ ಉಸಿರು ಬಿಗಿಹಿಡಿದಳು. ಉಳಿದ ರಟ್ಟಿನ ತುಂಡುಗಳನ್ನು ‘ಮಹಡಿ ಮೇಲೆ ಕೆಲಸಕ್ಕೆ ಬರುತ್ತೆ’ ಎಂದು ಅವಳ ಚೀಲಕ್ಕೆ ಹಾಕಿಕೊಟ್ಟ.

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದು ಸಾಧ್ಯವೇ?

“ಹನ್ನೆರಡು ಚೌಕಟ್ಟಿಗೆ ಹದಿನೈದು ದಿನ ತಪ್ಪದೆ ಹೋಗಿ ಬಂದೆ. ಅಲ್ಲಿ ಮನೆ ಏನಾದ್ರೂ ಕಟ್ಟಿಸ್ತಿದ್ದೀಯೇನೇ?”

“ಅತ್ತಿಗೆ!”

“ಕಟ್ಟಿಸೋದಾದ್ರೆ ನಂಗೊಂದು ರೂಮು ಇಡಿಸು. ನಿಮ್ಮಣ್ಣನ ಗೊರಕೆ ತಡೆಯೋಕಾಗ್ತಿಲ್ಲ.”

ಪ್ರದರ್ಶನ ಶುರುವಾದ ದಿನ ಜನ ಬಂದರು, ನೋಡಿದರು, ಹೊಗಳಿದರು. ಅವನು ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದ. ಅವಳು ನೋಡಿದಾಗಲೆಲ್ಲ ಅವನೂ ನೋಡುತ್ತಿದ್ದ. ಅಷ್ಟೇ. ಟೀಚರ್‌ಗೆ ಅಷ್ಟೇ ಸಾಕಾಗಿತ್ತು. ಅವತ್ತು ಮನೆಗೆ ನಡೆದಳೋ ತೇಲಿದಳೋ ಅವಳಿಗೇ ಗೊತ್ತಿಲ್ಲ.

ಎರಡು ವಾರ ಕಳೆಯಿತು. ಪರೀಕ್ಷೆಯ ಗಡಿಬಿಡಿಯಲ್ಲಿ ಟೀಚರ್ ಮನೆಗೆ ಹೊರಡುವಷ್ಟರಲ್ಲಿ ದಿನವೂ ಅಂಗಡಿಯ ಷಟರ್ ಇಳಿದಿರುತ್ತಿತ್ತು. ಒಂದು ಮಧ್ಯಾಹ್ನ ಅವಳು ಗ್ಯಾಲರಿಗೆ ಹೋದಾಗ ಮುದುಕಿಯೊಬ್ಬರು ದೊಡ್ಡ ಬೆಟ್ಟದ ಮುಂದೆ ನಿಂತಿದ್ದರು.

“ನೀನೇನಮ್ಮಾ ಮಾಡಿದ್ದು? ಮಂಜು ಎಷ್ಟು ಚೆನ್ನಾಗಿ ಬಂದಿದೆ!”

“ಥ್ಯಾಂಕ್ಸ್, ಅಜ್ಜಿ” ಎಂದಳು ಟೀಚರ್.

ಮಂಜು? ಆ ಬೆಟ್ಟದಲ್ಲಿ ಮಂಜೇ ಇರಲಿಲ್ಲವಲ್ಲ!

ಹತ್ತಿರ ಹೋಗಿ ನೋಡಿದಳು. ಬೆಟ್ಟದ ಬುಡ ಬೂದಿಯಂತೆ ಬೆಳ್ಳಗಾಗಿತ್ತು. ಪಕ್ಕದ ಹೊಳೆಯೂ ಹಾಗೇ. ಒಂಟಿ ಮರದ ಕೊಂಬೆಗಳು ಆಕಾಶದಲ್ಲಿ ಕರಗಿಹೋಗುತ್ತಿದ್ದವು. ಹನ್ನೆರಡರಲ್ಲಿ ಒಂದೂ ಉಳಿದಿರಲಿಲ್ಲ. ಮೂರು ವರ್ಷ... ಕಣ್ಣೆದುರೇ ಮಾಸುತ್ತಿತ್ತು.

ಗ್ಯಾಲರಿಯಲ್ಲಿ ಬಿಸಿಲೇ ಬೀಳುವುದಿಲ್ಲ. ಹಾಗಿದ್ದರೆ ಹಾಳಾಗಿರುವುದು ಇಲ್ಲಿಗೆ ಬರುವ ಮೊದಲೇ... ಅಂಗಡಿಯಲ್ಲೇ!

ನೆಟ್ಟಗೆ ಅಲ್ಲಿಗೇ ನಡೆದಳು. ದೂರದಿಂದಲೇ ಕಾಣಿಸಿತು. ಅಂಗಡಿಯ ಮುಂಗಿಟಕಿಯಲ್ಲಿ, ಸುಡು ಬಿಸಿಲಿನಲ್ಲಿ, ಅವಳದೇ ನೀಲಿ ಬೆಟ್ಟ! ತಲೆಗೆ ರಕ್ತ ಏರಿತು.

“ನನ್ನ ಚಿತ್ರಗಳನ್ನ ಬಿಸಿಲಲ್ಲಿ ತೂಗುಹಾಕಿ ವ್ಯಾಪಾರಕ್ಕೆ ಬಳಸ್ಕೊಂಡ್ರಾ? ಎಲ್ಲಾ ಮಾಸಿಹೋಗಿದೆ! ಹನ್ನೆರಡೂ!”

ಅವನ ಕೈಯಲ್ಲಿದ್ದ ಮೊಳೆ ನೆಲಕ್ಕೆ ಬಿತ್ತು. “ಮಾಸಿದ್ಯಾ? ಟೀಚರ್, ಅದು...”

“ಏನೂ ಹೇಳಬೇಡಿ! ಕೈಗುರುತು ಅಂತ ದೊಡ್ಡ ಮಾತಾಡಿದ್ರಲ್ಲ, ಒಂದು ಕಾಗದ ನೆರಳಲ್ಲಿಡೋ ಜವಾಬ್ದಾರಿ ಇಲ್ಲ ನಿಮಗೆ! ನಿಮ್ಮನ್ನ ನಂಬಿದ್ದು ನನ್ನ ತಪ್ಪು!”

ಅವನು ಬಗ್ಗಿ ಮೊಳೆ ಎತ್ತಿಕೊಂಡ. ಆಮೇಲೆ ಮೆಲ್ಲಗೆ ಅಂದ: “ನನ್ನ ಕೈಗೆ ಬಂದ್ಮೇಲೆ ಮಾಸಿದೆ ಅಂದ್ರೆ... ನಂದೇ ತಪ್ಪಿರಬೇಕು.”

ಜಗಳ ಆಡಿದ್ದರೆ ಚೆನ್ನಾಗಿರುತ್ತಿತ್ತು. ಆ ಮಾತು ಕೇಳಿ ಅವಳಿಗೆ ಅಳು ಉಕ್ಕಿ ಬಂತು. ಅವನಿಗೆ ಕಾಣಿಸಬಾರದೆಂದು ಬಿರಬಿರನೆ ಹೊರಟುಬಂದಳು.

ನಾಲ್ಕು ದಿನ ಟೀಚರ್ ಮುಖ ಊದಿಸಿಕೊಂಡೇ ಓಡಾಡಿದಳು. ಅಂಗಡಿ ತಪ್ಪಿಸಲು ಎದುರು ಫುಟ್‌ಪಾತ್ ಹಿಡಿದಳು. ಐದನೆಯ ದಿನ ಮಾತ್ರ ಕಣ್ಣು ಮಾತು ಕೇಳಲಿಲ್ಲ, ಅತ್ತ ಹೊರಳಿತು.

ಕಿಟಕಿಯಲ್ಲಿ ಬೆಟ್ಟ ಇನ್ನೂ ಇತ್ತು. ಕಡು ನೀಲಿ!

ಅವಳು ರಸ್ತೆಯ ನಡುವೆಯೇ ನಿಂತುಬಿಟ್ಟಳು. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ. ಇಷ್ಟು ದಿನದ ಬಿಸಿಲು ತಿಂದ ಚಿತ್ರ ಗಟ್ಟಿಯಾಗಿದೆ, ನೆರಳಲ್ಲಿದ್ದವು ಮಾಸಿವೆ... ಅದು ಹೇಗೆ? ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ದಿಗಂತ ವಾರೆ. ಅವಳು ಕಸಕ್ಕೆ ಹಾಕಲು ಹೇಳಿದ್ದ ಚಿತ್ರ! ಹನ್ನೆರಡರಲ್ಲಿ ಒಂದೂ ಅಲ್ಲ. ಹಿಂದೆ ರಟ್ಟಿಲ್ಲ, ಅಂಟಿಲ್ಲ, ಎರಡು ಗುಂಡುಪಿನ್ನಿನಲ್ಲಿ ನಿಂತಿತ್ತು.

ರಟ್ಟಿಲ್ಲ... ಅಂಟಿಲ್ಲ...

ಟೀಚರ್ ಮನೆಗೆ ಓಡಿ, ಅವನು ಚೀಲಕ್ಕೆ ಹಾಕಿಕೊಟ್ಟಿದ್ದ ರಟ್ಟಿನ ತುಂಡುಗಳನ್ನು ಹುಡುಕಿ ತೆಗೆದಳು.

ಮಾರನೆಯ ಬೆಳಿಗ್ಗೆ ಸ್ಕೂಲಿನ ಪ್ರಯೋಗಾಲಯದಲ್ಲಿ, ಮಕ್ಕಳು ಬರುವ ಮೊದಲು, ಅವನು ಕೊಟ್ಟಿದ್ದ ರಟ್ಟಿನ ತುಂಡಿನ ಮೇಲೆ ಒಂದೇ ಒಂದು ಹನಿ ಆಮ್ಲ ಬಿಟ್ಟಳು. ಬುಸ್ಸೆಂದು ನೊರೆ ಎದ್ದಿತು! ಸುಣ್ಣ. ಕಾಗದ ನೂರು ವರ್ಷ ಹಳದಿಯಾಗದಿರಲೆಂದು ಅತ್ಯುತ್ತಮ ರಟ್ಟಿಗೆ ಬೆರೆಸುವ ಸುಣ್ಣ. ಬೇರೆ ಎಲ್ಲ ಚಿತ್ರಗಳಿಗೂ ಅದು ಕಾವಲು. ಈ ನೀಲಿಗೆ ಮಾತ್ರ ವಿಷ. ಹಸಿ ಅಂಟಿನ ತೇವ ಸೇರಿದ್ದೇ ತಡ, ಅದು ನೀಲಿಯನ್ನು ತಿನ್ನತೊಡಗಿತ್ತು.

ಇದು ಅವಳಿಗೆ ಗೊತ್ತಿರಲಿಲ್ಲವೇ? ನೀಲಿ ಅಚ್ಚು ಕಲಿತ ಮೊದಲ ದಿನವೇ ಗೊತ್ತಿತ್ತು! ಅವನು ಬಾಯಿಬಿಟ್ಟು ಕೇಳಿಯೂ ಇದ್ದ. ಕೇಳಿದವನ ಬಾಯಿ ಮುಚ್ಚಿಸಿದವಳು ಯಾರು? ಅಂಟಿಸಿ ಎಂದವಳು ಯಾರು?

“ಅಯ್ಯೋ... ನಾನೆಂಥ ಕೆಲಸ ಮಾಡ್ಬಿಟ್ಟೆ!” ಬೆಂಚಿಗೆ ತಲೆ ಆನಿಸಿ ಕೂತುಬಿಟ್ಟಳು.

ಸಂಜೆ ಗ್ಯಾಲರಿಗೆ ಓಡಿದಳು. ಗ್ಯಾಲರಿಯ ಮೇಡಂ ಅವಳನ್ನು ಕಂಡೊಡನೆ ಸಮಾಧಾನ ಹೇಳಿದರು.

“ನೀವೇನೂ ಬೇಜಾರು ಮಾಡ್ಕೋಬೇಡಿ. ಆ ಚೌಕಟ್ಟಿನವರೇ ಬಂದು ಒಪ್ಕೊಂಡ್ರು. ‘ನನ್ನ ಕೈ ತಪ್ಪು, ಟೀಚರ್ ಕೆಲಸದಲ್ಲಿ ದೋಷ ಇಲ್ಲ, ಚಿತ್ರ ಮಾತ್ರ ಇಳಿಸಬೇಡಿ’ ಅಂದ್ರು. ನಾನೂ ಹೇಳಿದೆ, ಇನ್ಮೇಲೆ ನಮ್ಮ ಗ್ಯಾಲರಿ ಕೆಲಸ ನಿಮಗಿಲ್ಲ ಅಂತ. ಬೇರೆ ಕಲಾವಿದರಿಗೂ ತಿಳಿಸಿದ್ದೀನಿ.”

ಟೀಚರ್‌ಗೆ ನಿಂತ ನೆಲವೇ ಕುಸಿದಂತಾಯಿತು. ಅವನದು ಹದಿನೆಂಟು ವರ್ಷದ ಕಸುಬು. ಒಂದು ಮೂಲೆಯೂ ಸೊಟ್ಟಗಿಲ್ಲದ ಹೆಸರು. ಅದು ಹೋಗುತ್ತಿರುವುದು ತನ್ನಿಂದ! ನಿಜ ಹೇಳಿದರೆ, ರಸಾಯನಶಾಸ್ತ್ರದ ಟೀಚರಿಗೆ ಸುಣ್ಣ ಗೊತ್ತಿಲ್ಲವಂತೆ ಎಂದು ಊರೇ ನಗುತ್ತದೆ. ಮಕ್ಕಳಂತೂ ವರ್ಷಪೂರ್ತಿ ಆಡಿಕೊಳ್ಳುತ್ತಾರೆ.

“ಮೇಡಂ, ಒಂದು ದೊಡ್ಡ ಹಾಳೆ ಕೊಡ್ತೀರಾ? ಪೆನ್ನು ದಪ್ಪದ್ದು ಇರಲಿ.”

ಭಾನುವಾರ ಮಧ್ಯಾಹ್ನ. ಗ್ಯಾಲರಿಯ ಬಾಗಿಲ ಪಕ್ಕದಲ್ಲೇ, ಯಾರೂ ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ, ಆ ಹಾಳೆ ತೂಗುತ್ತಿತ್ತು.

‘ಈ ಚಿತ್ರಗಳು ಮಾಸುತ್ತಿರುವುದು ನನ್ನ ತಪ್ಪಿನಿಂದ. ನೀಲಿ ಅಚ್ಚಿಗೆ ಸುಣ್ಣ ಬೆರೆತ ರಟ್ಟು ಆಗದು. ಅದು ನನಗೆ ಗೊತ್ತಿತ್ತು, ಹೇಳಲಿಲ್ಲ. ಚೌಕಟ್ಟು ಹಾಕಿದವರು ಕೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ. ಅವರ ಕೆಲಸದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ.’

ಕೆಳಗೆ ಅವಳ ಸಹಿ. ಓದಿದವರು ಕೆಲವರು ನಕ್ಕರು, ಕೆಲವರು ಬೆನ್ನು ತಟ್ಟಿದರು. ಮೇಡಂ ತಾವೇ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಬಂದು ನೋಡಿ ಎಂದಿದ್ದರು.

ಅವನು ಬಂದ. ಹಾಳೆಯನ್ನು ಒಂದು ಸಲ ಓದಿದ, ಇನ್ನೊಂದು ಸಲ ಓದಿದ. ಟೀಚರ್ ಇಂಗು ತಿಂದ ಮಂಗನಂತೆ ಪಕ್ಕದಲ್ಲಿ ನಿಂತಿದ್ದಳು.

“ಇಷ್ಟೊಂದು ಬೇಕಿತ್ತಾ?” ಎಂದ.

“ಬೇಕಿತ್ತು. ನೀವ್ಯಾಕೆ ಮೈಮೇಲೆ ಹಾಕ್ಕೊಂಡ್ರಿ? ‘ನನ್ನ ತಪ್ಪಲ್ಲ’ ಅಂತ ಒಂದು ಮಾತು ಹೇಳಬಾರದಿತ್ತಾ?”

“ಏನಾಯ್ತು ಅಂತ ನಂಗೂ ಗೊತ್ತಿರಲಿಲ್ಲ. ಒಬ್ಬರ ಮೇಲೆ ಬರಲೇಬೇಕಿತ್ತು. ನಿಮಗಿದು ಮೊದಲನೇ ಪ್ರದರ್ಶನ.”

“ಮತ್ತೆ ಆ ಸೊಟ್ಟ ಬೆಟ್ಟ? ಅದನ್ನ ಯಾಕೆ ಕಿಟಕಿಗೆ ಹಾಕಿದ್ರಿ?”

ಅವನ ಕಿವಿ ಕೆಂಪಾಯಿತು. “ಕೆಲಸ ಮುಗೀತಲ್ಲ, ಇನ್ನು ನೀವು ಅಂಗಡಿಗೆ ಬರಲ್ಲ ಅನ್ಸಿತು. ದಾರೀಲಿ ಹೋಗೋವಾಗ ಅದು ಕಂಡ್ರೆ ಒಳಗೆ ಬರಬಹುದು ಅಂತ...”

“ಬಂದೆನಲ್ಲ!”

“ಬಂದ್ರಿ. ಬೈಯೋಕೆ!”

ಟೀಚರ್ ನಕ್ಕಳು. ನಗುತ್ತಲೇ ಕಣ್ಣು ತುಂಬಿಬಂತು.

“ಕ್ಷಮಿಸಿ. ನಾನು ಯಾರ ಮೇಲೂ ಅಷ್ಟು ಕೂಗಾಡಿಲ್ಲ. ಚಿತ್ರ ಹೋಯ್ತು ಅಂತ ಅಲ್ಲ... ನೀವು ಹೀಗೆ ಮಾಡಿದ್ರಾ ಅಂತ ಸಂಕಟ ಆಯ್ತು. ಬೇರೆ ಯಾರೇ ಆಗಿದ್ರೂ ಅಷ್ಟು ನೋವಾಗ್ತಿರಲಿಲ್ಲ. ಯಾಕಂದ್ರೆ...”

“ಟೀಚರ್, ಬೈಯೋವಾಗ ವಾಕ್ಯ ಪೂರ್ತಿ ಮಾಡ್ತೀರಿ. ಇದನ್ನ ಮಾತ್ರ ಅರ್ಧಕ್ಕೆ ನಿಲ್ಲಿಸಿದ್ರೆ ಹೇಗೆ?”

“ಯಾಕಂದ್ರೆ ನಿಮ್ಮನ್ನ ಪ್ರೀತಿಸ್ತೀನಿ! ಸಾಕಾ?”

ಆಚೆ ಮೇಜಿನಲ್ಲಿದ್ದ ಮೇಡಂ ಕೆಮ್ಮಿ, ಏನೋ ನೆನಪಾದವರಂತೆ ಒಳಗೆದ್ದು ಹೋದರು.

ಅವನು ಬೆಂಚಿನ ಮೇಲೆ ಕೂತ. ಟೀಚರ್ ಪಕ್ಕದಲ್ಲಿ ಕೂತಳು. ಎದುರು ಗೋಡೆಯಲ್ಲಿ ಬೆಟ್ಟಗಳು ದಿನದಿನಕ್ಕೆ ಬೆಳ್ಳಗಾಗುತ್ತಿದ್ದವು. ಅವು ಇನ್ನು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನೆಗೆಟಿವ್‌ಗಳಿದ್ದರೂ, ಇಂಥ ಹನ್ನೆರಡು ಅಚ್ಚು ಮತ್ತೆ ಮೂಡಲು ಇನ್ನೆಷ್ಟು ಭಾನುವಾರ ಬೇಕೋ. ಆದರೂ ಅವಳ ಮನಸ್ಸು ಹಗುರವಾಗಿತ್ತು.

“ನಂದೂ ಒಂದು ತಪ್ಪಿದೆ” ಎಂದ ಅವನು. “ಅವತ್ತು ರಟ್ಟಿನ ವಿಷಯ ಅರ್ಧ ಕೇಳಿ ಸುಮ್ಮನಾದೆ. ನೀವು ಗದರಿದ್ರಿ ಅಂತ ಹೆದರಿ ಬಿಟ್ಟೆ. ಇನ್ನೊಂದು ವಿಷಯಾನೂ ಹಾಗೇ, ಕೇಳಬೇಕು ಅಂದ್ಕೊಂಡು ಬಾಯಿಗೆ ಬಂದಿದ್ದು ನುಂಗ್ತಾ ಇದ್ದೀನಿ.”

“ಈಗ ಕೇಳಿ. ಗದರಲ್ಲ.”

“ಜೀವನಪೂರ್ತಿ ನನ್ನ ಜೊತೆ ಇರ್ತೀರಾ?”

ಟೀಚರ್ ಈ ಸಲ ಅವಸರ ಮಾಡಲಿಲ್ಲ. ಪ್ರಶ್ನೆಯನ್ನು ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡು, ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ತೆಗೆದುಕೊಂಡಳು.

“ಇರ್ತೀನಿ.”

“ಯೋಚನೆ ಮಾಡಿ ಹೇಳಿದ್ರಾ?”

“ಮಾಡಿದೆ. ಇನ್ನೊಂದು ಸಲ ಕೇಳಿ, ಇನ್ನೊಂದು ಸಲ ಹೇಳ್ತೀನಿ.”

ಅವನು ಮತ್ತೆ ಕೇಳಿದ. ಅವಳು ಮತ್ತೆ ಹೇಳಿದಳು.